ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್: ಮನೆಬಳಕೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಡಿಸ್ಕ್ ಈಗಾಗಲೇ ಕೈಕೊಟ್ಟಿದ್ದರೆ ನೇರವಾಗಿ "ಕೆಟ್ಟಾಗ" ಭಾಗಕ್ಕೆ ಹೋಗಿ. ಅದನ್ನು ಓದುವವರೆಗೆ ಡಿಸ್ಕನ್ನು ಮತ್ತೆ ಚುಚ್ಚಬೇಡಿ.

## ಕೊಳ್ಳುವ ಮುನ್ನ

ಹಾರ್ಡ್ ಡಿಸ್ಕ್ ತಗೊಳ್ಳಲಾ, ಎಸ್‌ಎಸ್‌ಡಿ ತಗೊಳ್ಳಲಾ?

ಮದುವೆ ವಿಡಿಯೊ, ಹಳೆಯ ಫೋಟೊ, ಸ್ಕ್ಯಾನ್ ಮಾಡಿದ ಆಸ್ತಿ ಪತ್ರ ಇವನ್ನೆಲ್ಲ ತುಂಬಿ ಬೀರುವಿನಲ್ಲಿ ಎತ್ತಿಡುವುದಾದರೆ ಹಾರ್ಡ್ ಡಿಸ್ಕ್ ಸಾಕು. ಅದೇ ದುಡ್ಡಿಗೆ, ಚಿಪ್‌ನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಗಿಂತ ಎಷ್ಟೋ ಹೆಚ್ಚು ಜಾಗ ಸಿಗುತ್ತದೆ. ದಿನಾ ಬ್ಯಾಗಿನಲ್ಲಿ ಓಡಾಡುವುದಿದ್ದರೆ, ಅಥವಾ ಡಿಸ್ಕ್‌ನಲ್ಲಿರುವ ವಿಡಿಯೊವನ್ನು ಅಲ್ಲೇ ಎಡಿಟ್ ಮಾಡುವುದಿದ್ದರೆ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಹಾರ್ಡ್ ಡಿಸ್ಕ್‌ನೊಳಗೆ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುತ್ತಿರುತ್ತವೆ, ಅವುಗಳ ಮೇಲೆ ಕೂದಲಿಗಿಂತ ಎಷ್ಟೋ ಕಿರಿದಾದ ಅಂತರದಲ್ಲಿ ಡೇಟಾ ಓದಿ ಬರೆಯುವ ಹೆಡ್ ತೇಲುತ್ತಿರುತ್ತದೆ. ತಿರುಗುತ್ತಿರುವಾಗ ಮೇಜಿನಿಂದ ಬಿದ್ದರೆ ಅಲ್ಲಿಗೆ ಮುಗಿಯಿತು. ಎಸ್‌ಎಸ್‌ಡಿಯಲ್ಲಿ ಅಲುಗಾಡುವ ಭಾಗವೇ ಇಲ್ಲ.

ಆದರೆ ವರ್ಷಗಟ್ಟಲೆ ಕರೆಂಟ್ ಕಾಣದೆ ಮಲಗುವ ಪ್ರತಿಗೆ ಎಸ್‌ಎಸ್‌ಡಿಯನ್ನು ನಾವು ಸೂಚಿಸುವುದಿಲ್ಲ. ಬರೆಯುವ ಆಯುಸ್ಸು ಪೂರ್ತಿ ಸವೆದ ಮನೆಬಳಕೆಯ ಎಸ್‌ಎಸ್‌ಡಿ, ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಡೇಟಾ ಹಿಡಿದಿಟ್ಟುಕೊಂಡರೆ ಸಾಕು ಎನ್ನುತ್ತದೆ ಚಿಪ್ ಉದ್ಯಮದ ಸಂಸ್ಥೆ ಜೆಡೆಕ್‌ನ ಮಾನದಂಡ. ಹೊಸದು ಇದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಸೆಕೆ ಹೆಚ್ಚಾದಷ್ಟೂ ಅವಧಿ ಕುಗ್ಗುತ್ತದೆ.

ಚಿಕ್ಕದು, ದೊಡ್ಡದು ಅಂತ ಎರಡು ತರ ಇದೆಯಲ್ಲ, ಏನು ವ್ಯತ್ಯಾಸ?

ಅಂಗೈಯಲ್ಲಿ ಹಿಡಿಯುವಂಥದ್ದು 2.5 ಇಂಚಿನದು. ಯುಎಸ್‌ಬಿ ಕೇಬಲ್‌ನಿಂದಲೇ ಕರೆಂಟ್ ಎಳೆದುಕೊಳ್ಳುತ್ತದೆ, ಸಾಮಾನ್ಯವಾಗಿ 1ರಿಂದ 5 ಟಿಬಿವರೆಗೆ (1 ಟಿಬಿ ಅಂದರೆ ಸಾವಿರ ಜಿಬಿ) ಸಿಗುತ್ತದೆ. ದಪ್ಪ ಪುಸ್ತಕದಷ್ಟಿರುವುದು 3.5 ಇಂಚಿನದು. ಇದಕ್ಕೆ 12 ವೋಲ್ಟ್‌ನ ಪ್ರತ್ಯೇಕ ಅಡಾಪ್ಟರ್ ಬೇಕು, 20 ಟಿಬಿ ದಾಟಿದವೂ ಇವೆ. ಆ ಅಡಾಪ್ಟರ್ ಮೇಲೆ ಇವತ್ತೇ ಮಾರ್ಕರ್‌ನಲ್ಲಿ "ಡಿಸ್ಕ್ 12" ಎಂದು ಬರೆದಿಡಿ. ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್‌ನ ಪಿನ್ ಇದರಲ್ಲೂ ಕೂರಬಹುದು. ಕೂತರೆ ಬೋರ್ಡ್ ಸುಡುತ್ತದೆ.

ಎಷ್ಟು ಟಿಬಿ ಬೇಕಾಗುತ್ತೆ?

ಈಗ ಇರುವ ಎಲ್ಲ ಫೈಲ್‌ಗಳ ಒಟ್ಟು ಗಾತ್ರ ನೋಡಿ, ಅದರ ಎರಡರಷ್ಟು ತೆಗೆದುಕೊಳ್ಳಿ. ಫೋಟೊ ಒಂದಕ್ಕೆ 4 ಎಂಬಿ ಎಂದರೂ 1 ಟಿಬಿಗೆ ಎರಡೂವರೆ ಲಕ್ಷ ಹಿಡಿಯುತ್ತವೆ. ಜಾಗ ನುಂಗುವುದು ವಿಡಿಯೊ. ಐಫೋನ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್‌ನ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 400 ಎಂಬಿ, ಅಂದರೆ ಒಂದು ಗಂಟೆಯ ನಾಮಕರಣಕ್ಕೆ 24 ಜಿಬಿ.

4 ಟಿಬಿಯ ಒಂದು ಡಿಸ್ಕ್‌ಗೆ ಹಾಕುವ ದುಡ್ಡನ್ನು 2 ಟಿಬಿಯ ಎರಡಕ್ಕೆ ಹಾಕಿ ಎಂಬುದು ನಮ್ಮ ಖಚಿತ ಸಲಹೆ. ಯಾಕೆಂದು ಬ್ಯಾಕಪ್ ಭಾಗದಲ್ಲಿ ಹೇಳಿದ್ದೇವೆ.

ಯಾವ ಕಂಪನಿದು ಒಳ್ಳೇದು?

ಹಾರ್ಡ್ ಡಿಸ್ಕ್ ತಯಾರಿಸುವ ಕಂಪನಿಗಳು ಜಗತ್ತಿನಲ್ಲಿ ಈಗ ಉಳಿದಿರುವುದೇ ಮೂರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಬೇರೆ ಹೆಸರಿನ ಡಬ್ಬಿಯೊಳಗೂ ಇವರದ್ದೇ ಡಿಸ್ಕ್ ಇರುತ್ತದೆ. ಹೆಸರಿಗಿಂತ ವಾರಂಟಿ ನೋಡಿ. ಡಬ್ಬಿಯ ಮೇಲಿನ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ, ವಾರಂಟಿ ಭಾರತಕ್ಕೆ ಅನ್ವಯಿಸುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಹೊರದೇಶದಿಂದ ನೆಂಟರು ತಂದುಕೊಟ್ಟ ಡಿಸ್ಕ್‌ಗೆ ಇಲ್ಲಿ ವಾರಂಟಿ ಸಿಗದೇ ಹೋಗಬಹುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲೇ ಕೊಳ್ಳಿ, ಆನ್‌ಲೈನ್‌ನಲ್ಲೇ ಕೊಳ್ಳಿ, ಜಿಎಸ್‌ಟಿ ಬಿಲ್ ಬಿಡಬೇಡಿ. ವಾರಂಟಿಯಲ್ಲಿ ಬದಲಿ ಡಿಸ್ಕ್ ಬರುತ್ತದೆ. ಒಳಗಿದ್ದ ಫೋಟೊ ಬರುವುದಿಲ್ಲ.

ಆನ್‌ಲೈನ್‌ನಲ್ಲಿ 16 ಟಿಬಿ ಎಸ್‌ಎಸ್‌ಡಿ ಎರಡು ಸಾವಿರಕ್ಕೆ ತೋರಿಸ್ತಿದೆ, ತಗೋಬಹುದಾ?

ಬೇಡ. ಬಿಚ್ಚಿದರೆ ಅದರಲ್ಲಿ ಸಿಗುವುದು ಒಂದೋ ಎರಡೋ ಮೈಕ್ರೊ ಎಸ್‌ಡಿ ಕಾರ್ಡ್, ಭಾರ ಬರಲೆಂದು ಅಂಟಿಸಿದ ಲೋಹದ ತುಂಡು. ಅದನ್ನು ನಡೆಸುವ ಒಳಗಿನ ತಂತ್ರಾಂಶ (ಫರ್ಮ್‌ವೇರ್) ತಿದ್ದಿರುವುದರಿಂದ ವಿಂಡೋಸ್ 16 ಟಿಬಿ ಎಂದೇ ತೋರಿಸುತ್ತದೆ. ಮೊದಲ 64 ಅಥವಾ 128 ಜಿಬಿ ಸರಿಯಾಗಿಯೇ ಹೋಗುತ್ತದೆ, ಆಮೇಲೆ ಬರೆದದ್ದೆಲ್ಲ ಗಾಳಿಗೆ. ಫೈಲ್ ಹೆಸರು ಕಾಣುತ್ತದೆ, ತೆರೆದರೆ ಏನೂ ಇಲ್ಲ. ಈಗಾಗಲೇ ಕೊಂಡಿದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ಪರೀಕ್ಷಿಸಿ, ಮರಳಿಸುವ ಗಡುವಿನೊಳಗೆ ವಾಪಸ್ ಕೊಡಿ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಎಫ್3 ಇದೇ ಕೆಲಸ ಮಾಡುತ್ತದೆ.

## ತಂದ ದಿನ

1 ಟಿಬಿ ಅಂತ ಕೊಟ್ರು, ಕಂಪ್ಯೂಟರ್‌ನಲ್ಲಿ 931 ಜಿಬಿ ಬರ್ತಿದೆ. ಮೋಸ ಆಯ್ತಾ?

ಇಲ್ಲ. ಕಂಪನಿ 1 ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್ ಎಂದು ಎಣಿಸುತ್ತದೆ. ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸಿ 931 ತೋರಿಸುತ್ತದೆ. 2 ಟಿಬಿ 1.81 ಆಗಿ, 4 ಟಿಬಿ 3.63 ಆಗಿ ಕಾಣುತ್ತದೆ. ಅದೇ ಡಿಸ್ಕನ್ನು ಮ್ಯಾಕ್‌ಗೆ ಹಾಕಿದರೆ 1 ಟಿಬಿ ಎಂದೇ ಇರುತ್ತದೆ.

ಹೊಸ ಡಿಸ್ಕ್ ತಂದ ಕೂಡಲೇ ಏನಾದರೂ ಪರೀಕ್ಷೆ ಮಾಡಬೇಕಾ?

ಮಾಡಿದರೆ ಒಳ್ಳೆಯದು. ಮರಳಿಸಲು ಅವಕಾಶವಿರುವ ದಿನಗಳಲ್ಲೇ ಡಿಸ್ಕ್ ಪೂರ್ತಿ ಒಮ್ಮೆ ಬರೆದು ಓದಿಸಿ. ಹಾರ್ಡ್ ಡಿಸ್ಕ್ ಆದರೆ ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ "ಕ್ವಿಕ್ ಫಾರ್ಮ್ಯಾಟ್" ಗುರುತನ್ನು ತೆಗೆದುಬಿಡಿ, ಅದು ಪ್ರತಿ ಸೆಕ್ಟರ್ (ಡಿಸ್ಕ್‌ನ ಅತಿ ಚಿಕ್ಕ ತುಣುಕು) ಮೇಲೂ ಸೊನ್ನೆ ಬರೆಯುತ್ತದೆ. 1 ಟಿಬಿಗೆ ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗಬಹುದು.

ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್, ಫ್ಯಾಟ್32: ಯಾವುದರಲ್ಲಿ ಫಾರ್ಮ್ಯಾಟ್ ಮಾಡಲಿ?

ಇವೆಲ್ಲ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕ್ರಮಗಳು, ಅಂದರೆ ಫೈಲ್ ಸಿಸ್ಟಂಗಳು. ವಿಂಡೋಸ್ ಮಾತ್ರ ಬಳಸುವ ಮನೆಯಲ್ಲಿ ಎನ್‌ಟಿಎಫ್‌ಎಸ್. ಮ್ಯಾಕ್ ಮಾತ್ರ ಇದ್ದರೆ, ಎಸ್‌ಎಸ್‌ಡಿಗೆ ಎಪಿಎಫ್‌ಎಸ್. ಎರಡಕ್ಕೂ ಓಡಾಡುವ ಡಿಸ್ಕ್ ಆದರೆ ಎಕ್ಸ್‌ಫ್ಯಾಟ್. "ಮ್ಯಾಕ್‌ಗೆ ಹಾಕಿದರೆ ಫೈಲ್ ಕಾಣುತ್ತೆ, ಹೊಸದು ಹಾಕೋಕಾಗಲ್ಲ" ಎನ್ನುವವರ ಡಿಸ್ಕ್ ಎನ್‌ಟಿಎಫ್‌ಎಸ್‌ನಲ್ಲಿರುತ್ತದೆ. ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಫ್ಯಾಟ್32ರಲ್ಲಿ 4 ಜಿಬಿ ತಲುಪಿದ ಫೈಲ್ ಹಿಡಿಸುವುದಿಲ್ಲ, ಹಳೆಯ ಟಿವಿಗೋ ಕಾರ್ ಸ್ಟೀರಿಯೊಗೋ ಬಿಟ್ಟರೆ ಅದರ ಕಾಲ ಮುಗಿದಿದೆ.

ಎಕ್ಸ್‌ಫ್ಯಾಟ್‌ಗೆ ಎರಡು ದೌರ್ಬಲ್ಯಗಳಿವೆ. ಮೊದಲನೆಯದು, ಅದರಲ್ಲಿ ಜರ್ನಲ್, ಅಂದರೆ ಮಾಡಹೊರಟ ಬದಲಾವಣೆಯನ್ನು ಮೊದಲೇ ಬರೆದಿಡುವ ದಿನಚರಿ, ಇಲ್ಲ. ಕಾಪಿ ಆಗುತ್ತಿರುವಾಗ ಕೇಬಲ್ ಕಿತ್ತರೆ ಅಥವಾ ಕರೆಂಟ್ ಹೋದರೆ ಫೋಲ್ಡರ್ ಪಟ್ಟಿಯೇ ಕೆಡಬಹುದು. ಎನ್‌ಟಿಎಫ್‌ಎಸ್ ಇಂಥದ್ದರಿಂದ ಬಹುಪಾಲು ಚೇತರಿಸಿಕೊಳ್ಳುತ್ತದೆ. ಎರಡನೆಯದು ಜಾಗದ ಪೋಲು. ಕ್ಲಸ್ಟರ್ (ಫೈಲ್‌ಗೆ ಜಾಗ ಹಂಚುವ ಕನಿಷ್ಠ ತುಂಡು) ಗಾತ್ರ 128 ಕೆಬಿ ಇದ್ದರೆ 5 ಕೆಬಿಯ ಚಿಕ್ಕ ಫೈಲೂ 128 ಕೆಬಿ ಹಿಡಿಯುತ್ತದೆ. ಅಂಥ ಹತ್ತು ಸಾವಿರ ಫೈಲ್ ಇದ್ದರೆ 50 ಎಂಬಿ ಸರಕಿಗೆ ಸುಮಾರು 1.25 ಜಿಬಿ ಜಾಗ ಹೋಗುತ್ತದೆ.

ಫಾರ್ಮ್ಯಾಟ್ ಬದಲಿಸಿದರೆ ಡಿಸ್ಕ್ ಖಾಲಿಯಾಗುತ್ತದೆ. ಹಾಗಾಗಿ ಇದನ್ನು ತಂದ ದಿನವೇ ತೀರ್ಮಾನಿಸಿ.

ಫೈಲ್‌ಗಳಿಗೆ ಕನ್ನಡದಲ್ಲಿ ಹೆಸರಿಟ್ಟರೆ ತೊಂದರೆ ಇಲ್ವಾ?

ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಹೆಸರಿಗೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ತೊಂದರೆಯಿಲ್ಲ. ಟಿವಿಯಲ್ಲಿ ಚೌಕಗಳು ಕಂಡರೆ ಅದರಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ, ಫೈಲ್ ಕೆಟ್ಟಿಲ್ಲ. ಎಡವುವುದು ಹೆಸರಿನ ಉದ್ದದಲ್ಲಿ. ಎನ್‌ಟಿಎಫ್‌ಎಸ್ ಮತ್ತು ಎಕ್ಸ್‌ಫ್ಯಾಟ್‌ನಲ್ಲಿ 255 ಸಂಕೇತಗಳವರೆಗೆ ಹೋಗಬಹುದು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ "ಕ್ಷ" ಅಲ್ಲಿ ಮೂರು ಸಂಕೇತ. ಲಿನಕ್ಸ್‌ನ ಎಕ್ಸ್‌ಟಿ4ರಲ್ಲಿ ಮಿತಿ 255 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಹಾಗಾಗಿ 85ಕ್ಕೇ ನಿಲ್ಲುತ್ತದೆ. "ಅಜ್ಜಿಯ ಎಂಬತ್ತನೇ ವರ್ಷದ ಹುಟ್ಟುಹಬ್ಬ" ಎಂದು ಶುರುವಾಗಿ ಊರು, ದಿನ, ಬಂದವರ ಹೆಸರೆಲ್ಲ ಸೇರಿದ ಫೈಲ್ ವಿಂಡೋಸ್‌ನಿಂದ ಲಿನಕ್ಸ್‌ಗೆ ಕಾಪಿ ಆಗದೆ ನಿಂತರೆ ಕಾರಣ ಇದೇ.

ಇನ್ನೊಂದು. ಹಳೆಯ ನುಡಿ ಅಥವಾ ಬರಹದಲ್ಲಿ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಆ ಫಾಂಟ್ ಫೈಲ್‌ಗಳನ್ನೂ ಅದೇ ಫೋಲ್ಡರ್‌ಗೆ ಹಾಕಿಡಿ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು.

## ದಿನಬಳಕೆ

ಕಾಪಿ ಆಗೋಕೆ ಗಂಟೆಗಟ್ಟಲೆ ಹಿಡಿಯುತ್ತೆ, ಯಾಕೆ?

ಮೊದಲು ಪೋರ್ಟ್ ನೋಡಿ. ಯುಎಸ್‌ಬಿ 2.0 ಪೋರ್ಟ್‌ನಲ್ಲಿ ಸೆಕೆಂಡಿಗೆ 35 ಎಂಬಿ ಆಸುಪಾಸು, 500 ಜಿಬಿಗೆ ನಾಲ್ಕು ಗಂಟೆ. 3.0 ಪೋರ್ಟ್‌ನಲ್ಲಿ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 130 ಎಂಬಿ ಓಡುತ್ತದೆ, ಅದೇ 500 ಜಿಬಿ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. 3.0 ಪೋರ್ಟ್‌ನ ನಾಲಿಗೆ ಸಾಮಾನ್ಯವಾಗಿ ನೀಲಿ. 3.0, 3.1 ಜೆನ್ 1, 3.2 ಜೆನ್ 1 ಮೂರೂ ಒಂದೇ, ಹೆಸರು ಮಾತ್ರ ಬದಲಾಗುತ್ತಾ ಬಂದಿದೆ.

ಆಮೇಲೆ ಕೇಬಲ್. ಡಿಸ್ಕ್ ತುದಿಯ ಅಗಲವಾದ ಸಾಕೆಟ್‌ನಲ್ಲಿ ಎರಡು ಭಾಗಗಳಿವೆ, ಅದರಲ್ಲಿ ದೊಡ್ಡ ಭಾಗಕ್ಕೆ ಹಳೆಯ ಮೊಬೈಲ್ ಚಾರ್ಜರ್‌ನ ಮೈಕ್ರೊ ಯುಎಸ್‌ಬಿ ಕೇಬಲ್ ಕೂರುತ್ತದೆ. ಡಿಸ್ಕ್ ಕೆಲಸವನ್ನೂ ಮಾಡುತ್ತದೆ, 2.0 ವೇಗದಲ್ಲಿ. ಟೈಪ್-ಸಿ ಕೇಬಲ್‌ನಲ್ಲೂ ಇದೇ ಬಲೆ: ಫೋನ್ ಜತೆ ಬಂದ ಎಷ್ಟೋ ಸಿ ಕೇಬಲ್‌ಗಳು ಡೇಟಾ ವಿಷಯದಲ್ಲಿ 2.0 ಮಾತ್ರ.

ಪೋರ್ಟ್, ಕೇಬಲ್ ಎರಡೂ ಸರಿಯಿದ್ದರೆ ಫೈಲ್‌ಗಳ ಸಂಖ್ಯೆ ಕಾರಣ. 10 ಜಿಬಿಯ ಒಂದು ಸಿನಿಮಾ ಸರ್ರನೆ ಹೋಗುತ್ತದೆ. 10 ಜಿಬಿಯ ವಾಟ್ಸ್ಆ್ಯಪ್ ಚಿತ್ರಗಳು ತೆವಳುತ್ತವೆ. ಪ್ರತಿ ಫೈಲ್‌ಗೂ ಹೆಡ್ ಅತ್ತಿತ್ತ ಓಡಬೇಕು, ಆ್ಯಂಟಿವೈರಸ್ ಒಂದೊಂದನ್ನೂ ನೋಡಬೇಕು. ಅಂಥವನ್ನು ಮೊದಲು ಕಂಪ್ಯೂಟರ್‌ನಲ್ಲೇ ಒಂದು ಜಿಪ್ ಮಾಡಿ ಕಳಿಸಿ.

ಪಿಸಿ ಮುಂದಿನ ಪೋರ್ಟ್‌ನಲ್ಲಿ ಕಾಣಿಸಲ್ಲ, ಹಿಂದೆ ಹಾಕಿದರೆ ಕಾಣಿಸುತ್ತೆ. ಟಿವಿಗೆ ಹಾಕಿದರೂ ಇಲ್ಲ.

ಕರೆಂಟ್ ಸಾಲುತ್ತಿಲ್ಲ. ತಟ್ಟೆ ತಿರುಗಲು ಶುರುವಾಗುವ ಒಂದೆರಡು ಸೆಕೆಂಡು 2.5 ಇಂಚಿನ ಡಿಸ್ಕ್ 1 ಆಂಪಿಯರ್‌ವರೆಗೆ ಎಳೆಯಬಹುದು. ನಿಯಮದ ಪ್ರಕಾರ 2.0 ಪೋರ್ಟ್ ಕೊಡುವುದು 0.5, 3.0 ಪೋರ್ಟ್ 0.9 ಆಂಪಿಯರ್. ಕ್ಯಾಬಿನೆಟ್‌ನ ಮುಂದಿನ ಪೋರ್ಟ್‌ಗೆ ಒಳಗಿನಿಂದ ಉದ್ದ ವೈರ್ ಹೋಗಿರುತ್ತದೆ, ಅಲ್ಲಿ ವೋಲ್ಟೇಜ್ ಇನ್ನಷ್ಟು ಬೀಳುತ್ತದೆ. ಮದರ್‌ಬೋರ್ಡ್‌ನ ಹಿಂಬದಿ ಪೋರ್ಟ್, ಗಿಡ್ಡ ಕೇಬಲ್ ಬಳಸಿ. ಅದೂ ಆಗದಿದ್ದರೆ ಸ್ವಂತ ಅಡಾಪ್ಟರ್ ಇರುವ ಹಬ್. ಫೋನ್‌ಗೆ ಒಟಿಜಿಯಲ್ಲಿ ಹಾಕುವಾಗಲೂ ಇದೇ ಕತೆ, ಅಲ್ಲಿ ಎಸ್‌ಎಸ್‌ಡಿಯೇ ವಾಸಿ.

ಟಿವಿಗೆ ಇನ್ನೊಂದು ಕಾರಣವೂ ಇರಬಹುದು. 2 ಟಿಬಿಗಿಂತ ದೊಡ್ಡ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಜಿಪಿಟಿ ಎಂಬ ಹೊಸ ಬಗೆಯ ವಿಭಜನೆ ಇರುತ್ತದೆ, ಹಳೆಯ ಟಿವಿಗಳಿಗೆ ಎಂಬಿಆರ್ ಎಂಬ ಹಳೆಯ ಬಗೆ ಮಾತ್ರ ಗೊತ್ತು.

"ಸೇಫ್ಲಿ ರಿಮೂವ್" ಮಾಡ್ಲೇಬೇಕಾ?

ಮಾಡಿ. ವಿಂಡೋಸ್ 10ರ 1809 ಆವೃತ್ತಿಯಿಂದ "ಕ್ವಿಕ್ ರಿಮೂವಲ್" ತಾನಾಗಿಯೇ ಜಾರಿಯಲ್ಲಿದೆ, ಹಾಗಾಗಿ ಬರೆಯುವುದು ಬಾಕಿ ಉಳಿಯುವ ಸಾಧ್ಯತೆ ಕಡಿಮೆ. ಆದರೂ ಹಾರ್ಡ್ ಡಿಸ್ಕ್‌ಗೆ ಹೆಡ್ಡನ್ನು ನೆಮ್ಮದಿಯಿಂದ ಬದಿಗೆ ಸರಿಸಿ ತಟ್ಟೆ ನಿಲ್ಲಿಸಲು ಸಮಯ ಬೇಕು. ಇಜೆಕ್ಟ್ ಒತ್ತಿ, ಕೈಗೆ ನಡುಕ ತಾಗುವುದು ನಿಂತ ಮೇಲೆ ಕೇಬಲ್ ತೆಗೆಯಿರಿ. "ಡಿವೈಸ್ ಬಳಕೆಯಲ್ಲಿದೆ" ಎಂದು ಹಟ ಹಿಡಿದರೆ ಕಂಪ್ಯೂಟರ್ ಶಟ್‌ಡೌನ್ ಮಾಡಿ ತೆಗೆಯಿರಿ.

ಮಳೆಗಾಲದಲ್ಲಿ ಎಲ್ಲಿ ಇಡೋದು?

ಕರಾವಳಿ, ಮಲೆನಾಡಿನಲ್ಲಿ ಜಿಪ್ ಇರುವ ಪೌಚ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ. ಸಾಮಾನ್ಯ ಹಾರ್ಡ್ ಡಿಸ್ಕ್‌ಗೆ ಗಾಳಿಯಾಡುವ ಸಣ್ಣ ರಂಧ್ರ ಇರುತ್ತದೆ, ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲ ಅದು. ಎ.ಸಿ. ಕೋಣೆಯಿಂದ ತೇವದ ಜಾಗಕ್ಕೆ ತಂದರೆ ಅರ್ಧ ಗಂಟೆ ಬಿಟ್ಟು ಚಾಲೂ ಮಾಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡವೇ ಬೇಡ.

## ಬ್ಯಾಕಪ್

ಫೋಟೊ ಎಲ್ಲಾ ಡಿಸ್ಕ್‌ಗೆ ಹಾಕಿ ಲ್ಯಾಪ್‌ಟಾಪ್‌ನಿಂದ ಅಳಿಸಿದೆ. ಬ್ಯಾಕಪ್ ಆಯ್ತಲ್ವಾ?

ಆಗಲಿಲ್ಲ, ಸ್ಥಳ ಬದಲಾಯಿತು ಅಷ್ಟೆ. ಮುಂಚೆಯೂ ಒಂದೇ ಪ್ರತಿ, ಈಗಲೂ ಒಂದೇ, ಅದೂ ಕೈಜಾರುವ ವಸ್ತುವಿನಲ್ಲಿ. ಎರಡು ಡಿಸ್ಕ್ ಕೊಳ್ಳಿ ಎಂದದ್ದು ಇದಕ್ಕೇ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ ಎಂಬುದು ಪ್ರಚಲಿತ ನಿಯಮ. ಎರಡನೆಯ ಡಿಸ್ಕ್ ಊರಿನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇರಲಿ, ಹಬ್ಬಕ್ಕೆ ಹೋದಾಗ ಹೊಸದನ್ನು ಸೇರಿಸಿ ಬನ್ನಿ.

ಮನೆಯ ಡಿಸ್ಕನ್ನೂ ಸದಾ ಸಿಕ್ಕಿಸಿ ಬಿಡಬೇಡಿ. ರ್‍ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಬಂದರೆ ಸಿಕ್ಕಿಸಿರುವ ಡಿಸ್ಕ್‌ಗಳನ್ನೂ ಬೀಗ ಹಾಕಿಬಿಡುತ್ತದೆ.

ಪ್ರತಿ ಸಲ ಎಲ್ಲಾ ಕಾಪಿ ಮಾಡ್ಬೇಕಾ? ಹೊಸದು ಮಾತ್ರ ಹೋಗೋ ಹಾಗೆ ಆಗಲ್ವಾ?

ಆಗುತ್ತದೆ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಫೈಲ್ ಹಿಸ್ಟರಿಗೆ ಹೋಗಿ ಡಿಸ್ಕ್ ಆರಿಸಿ, ಟರ್ನ್ ಆನ್ ಒತ್ತಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್‌ನಂಥವು ಹಳೆಯ ಆವೃತ್ತಿಗಳ ಸಮೇತ ಹೋಗುತ್ತವೆ. ಡಿ ಡ್ರೈವ್‌ನಲ್ಲಿ ನೀವೇ ಮಾಡಿಕೊಂಡ ಫೋಲ್ಡರ್ ತಾನಾಗಿ ಸೇರುವುದಿಲ್ಲ, ಅದನ್ನು ಲೈಬ್ರರಿಗೆ ಸೇರಿಸಬೇಕು. ಮ್ಯಾಕ್‌ನಲ್ಲಿ ಟೈಮ್ ಮಷೀನ್. ಅದಕ್ಕೆ ಮ್ಯಾಕ್‌ನ ಸಂಗ್ರಹದ ಎರಡರಷ್ಟಾದರೂ ದೊಡ್ಡ ಡಿಸ್ಕ್ ಕೊಡಿ.

ಫ್ರೀಫೈಲ್‌ಸಿಂಕ್, ರೋಬೊಕಾಪಿ ಎಂಬ ಕಾಪಿ ತಂತ್ರಾಂಶ ಬಳಸುವವರು "ಮಿರರ್" ವಿಧಾನದಲ್ಲಿ ಎಚ್ಚರವಾಗಿರಿ. ಮೂಲದಲ್ಲಿ ಇಲ್ಲದ್ದನ್ನು ಅದು ಪ್ರತಿಯಿಂದಲೂ ಅಳಿಸುತ್ತದೆ. ಮೂಲ, ಗುರಿ ಅದಲುಬದಲಾದರೆ ಖಾಲಿ ಡಿಸ್ಕ್‌ನ ಪ್ರತಿಯಾಗಿ ನಿಮ್ಮ ಲ್ಯಾಪ್‌ಟಾಪ್ ಫೋಲ್ಡರ್ ಖಾಲಿಯಾಗುತ್ತದೆ.

ಡಿಸ್ಕ್‌ಗೆ ಪಾಸ್‌ವರ್ಡ್ ಹಾಕೋದು ಹೇಗೆ?

ವಿಂಡೋಸ್ ಪ್ರೊ ಇದ್ದರೆ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಅದರಲ್ಲೇ ಇರುವ ಬೀಗದ ಸೌಲಭ್ಯ ಬಿಟ್‌ಲಾಕರ್ ಆನ್ ಮಾಡಿ. ವಿಂಡೋಸ್ ಹೋಮ್‌ನಲ್ಲಿ ಅಂಥ ಡಿಸ್ಕನ್ನು ತೆರೆಯಬಹುದು, ಹೊಸದಾಗಿ ಬೀಗ ಹಾಕಲಾಗದು. ಅಲ್ಲಿ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ಬಳಸಿ. ಬಿಟ್‌ಲಾಕರ್ ಕೊಡುವ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಮುದ್ರಿಸಿ ಮನೆಯವರಿಗೂ ಎಲ್ಲಿದೆ ಎಂದು ಹೇಳಿ. ಪಾಸ್‌ವರ್ಡ್ ಮರೆತು ಕೀಯೂ ಕಳೆದರೆ ಯಾರಿಂದಲೂ ತೆಗೆಯಲಾಗದು.

## ಕೆಟ್ಟಾಗ

"ಈ ಡ್ರೈವ್ ಬಳಸೋಕೆ ಮುಂಚೆ ಫಾರ್ಮ್ಯಾಟ್ ಮಾಡಿ" ಅಂತ ಕೇಳ್ತಿದೆ. ಏನು ಮಾಡ್ಲಿ?

ಕ್ಯಾನ್ಸಲ್ ಒತ್ತಿ. ಡಿಸ್ಕ್ ಮ್ಯಾನೇಜ್‌ಮೆಂಟ್ "ಇನಿಷಿಯಲೈಜ್" ಮಾಡಲೇ ಎಂದರೂ ಬೇಡ ಅನ್ನಿ. ಕೇಬಲ್, ಪೋರ್ಟ್, ಆಮೇಲೆ ಕಂಪ್ಯೂಟರ್ ಬದಲಿಸಿ ನೋಡಿ. ಡಿಸ್ಕ್ ಸದ್ದಿಲ್ಲದೆ ತಿರುಗುತ್ತಿದ್ದು, ಗಾತ್ರ ಸರಿಯಾಗಿ ತೋರಿಸುತ್ತಿದ್ದರೆ ಬಹುಶಃ ಫೈಲ್ ಸಿಸ್ಟಂ ಮಾತ್ರ ಕೆಟ್ಟಿದೆ. ಟೆಸ್ಟ್‌ಡಿಸ್ಕ್, ಫೋಟೊರೆಕ್ ಎಂಬ ರಿಕವರಿ ತಂತ್ರಾಂಶಗಳು ಎರಡೂ ಉಚಿತ. ಸಿಕ್ಕಿದ್ದನ್ನು ಇನ್ನೊಂದು ಡಿಸ್ಕ್‌ಗೆ ಉಳಿಸಿ. ಡೇಟಾ ಕೈಸೇರುವ ತನಕ ಚೆಕ್‌ಡಿಸ್ಕ್ ಓಡಿಸಬೇಡಿ. ಅದರ ಗುರಿ ಫೈಲ್ ಸಿಸ್ಟಂ ಸರಿಮಾಡುವುದು, ಹಾಗೆ ಮಾಡುವಾಗ ನಿಮ್ಮ ಫೈಲ್‌ಗಳನ್ನು ತುಂಡು ಮಾಡಲು ಅದು ಹಿಂಜರಿಯುವುದಿಲ್ಲ.

ಕೆಳಗೆ ಬಿತ್ತು, ಈಗ ಟಿಕ್ ಟಿಕ್ ಅಂತಿದೆ. ಫ್ರೀಜರ್‌ನಲ್ಲಿಟ್ಟರೆ ಸರಿ ಹೋಗುತ್ತಂತೆ?

ಕೂಡಲೇ ಕೇಬಲ್ ತೆಗೆಯಿರಿ. ಆ ಸದ್ದು, ಹೆಡ್ ತನ್ನ ಗುರುತು ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಹೊಡೆದುಕೊಳ್ಳುವುದು. ಹೆಡ್ ಬಾಗಿದ್ದರೆ ಪ್ರತಿ ಸುತ್ತಿನಲ್ಲೂ ತಟ್ಟೆಯ ಲೇಪನ ಕೆರೆದು ಹೋಗುತ್ತದೆ, ಲೇಪನವೇ ನಿಮ್ಮ ಡೇಟಾ. ಫ್ರೀಜರ್‌ನಿಂದ ತೆಗೆದ ಡಿಸ್ಕ್ ಒಳಗೆ ನೀರು ಕಟ್ಟಿಕೊಂಡು ಇದ್ದದ್ದೂ ಹೋಗುತ್ತದೆ. ಮನೆಯಲ್ಲಿ ಬಿಚ್ಚುವುದೂ ಬೇಡ, ಒಂದು ಧೂಳಿನ ಕಣ ಸಾಕು. ಡೇಟಾ ಬೇಕೇ ಬೇಕೆಂದರೆ ಕ್ಲೀನ್ ರೂಂ ಇರುವ ರಿಕವರಿ ಸಂಸ್ಥೆಗೆ ಕೊಡಿ. ಕೊಡುವ ಮುನ್ನ ಪರಿಶೀಲನೆಗೆ ಎಷ್ಟು, ಫೈಲ್ ಸಿಗದಿದ್ದರೆ ಎಷ್ಟು ಎಂದು ಬರೆಸಿಕೊಳ್ಳಿ.

ಡಿಸ್ಕ್ ಸರಿ ಇದೆ, ಕನೆಕ್ಟರ್ ಮಾತ್ರ ಮುರಿದಿದೆ. ಒಳಗಿನದು ತೆಗೆದು ಬೇರೆ ಕೇಸಿಂಗ್‌ಗೆ ಹಾಕಬಹುದಾ?

ಮಾದರಿ ನೋಡಬೇಕು. ಕೆಲವದರಲ್ಲಿ ಸಾಮಾನ್ಯ ಸಾಟಾ (ಕಂಪ್ಯೂಟರ್ ಒಳಗೆ ಜೋಡಿಸುವ ಬಗೆಯ ಕನೆಕ್ಟರ್) ಡಿಸ್ಕ್ ಇರುತ್ತದೆ, ಬಿಚ್ಚಿ ಹಾಕಬಹುದು. ವೆಸ್ಟರ್ನ್ ಡಿಜಿಟಲ್‌ನ ಹಲವು ಪೋರ್ಟಬಲ್ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಸಾಕೆಟ್ ಡಿಸ್ಕ್‌ನ ಬೋರ್ಡಿಗೇ ಬೆಸೆದಿರುತ್ತದೆ, ಸಾಟಾ ಬಾಯಿಯೇ ಇಲ್ಲ. ಮೈ ಪಾಸ್‌ಪೋರ್ಟ್ ಸರಣಿಯಲ್ಲಿ ಬೋರ್ಡೇ ಡೇಟಾವನ್ನು ಗೂಢಲಿಪಿಗೆ ತಿರುಗಿಸಿ ಬರೆದಿರುತ್ತದೆ, ನೀವು ಪಾಸ್‌ವರ್ಡ್ ಹಾಕದಿದ್ದರೂ. ಅಂಥದ್ದಕ್ಕೆ ಸಾಕೆಟ್ ಬದಲಿಸಿ ಬೆಸುಗೆ ಹಾಕಿಸುವುದೇ ಸುಲಭದ ದಾರಿ. ಇನ್ನೊಂದು ಡಿಸ್ಕ್‌ನ ಬೋರ್ಡ್ ತಂದು ಜೋಡಿಸಿದರೆ ಓಡುವುದಿಲ್ಲ. ಪ್ರತಿ ಬೋರ್ಡ್‌ನಲ್ಲೂ ಆಯಾ ಡಿಸ್ಕ್‌ನ ಹೊಂದಾಣಿಕೆಯ ಮಾಹಿತಿ ಇರುವ ಚಿಪ್ ಇರುತ್ತದೆ, ಅದನ್ನೂ ವರ್ಗಾಯಿಸಬೇಕು.

## ಇನ್ನಷ್ಟು ಆಳಕ್ಕೆ

ಡಿಸ್ಕ್ ಕೆಡೋದು ಮುಂಚೆಯೇ ಗೊತ್ತಾಗುತ್ತಾ?

ಕೆಲವೊಮ್ಮೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ, ಡಿಸ್ಕ್‌ನ ಆರೋಗ್ಯ ತೋರಿಸುವ ಉಚಿತ ತಂತ್ರಾಂಶ ತೆರೆದು ನಾಲ್ಕು ಸಾಲು ನೋಡಿ. 05 ಎಂದರೆ ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು, ಸಿ5 ಎಂದರೆ ಓದಲು ಒದ್ದಾಡುತ್ತಿರುವವು, ಸಿ6 ಎಂದರೆ ಓದಲಾಗದೇ ಹೋದವು, ಸಿ7 ಎಂದರೆ ಡೇಟಾ ಸಾಗುವಾಗ ಆದ ತಪ್ಪುಗಳು. 05 ಸ್ವಲ್ಪ ಇದ್ದು ತಿಂಗಳುಗಟ್ಟಲೆ ಹಾಗೇ ನಿಂತಿದ್ದರೆ ಭಯವಿಲ್ಲ. ಸಿ5 ವಾರದಿಂದ ವಾರಕ್ಕೆ ಏರುತ್ತಿದ್ದರೆ ಇವತ್ತೇ ಕಾಪಿ ಮಾಡಿ. ಸಿ7 ಮಾತ್ರ ಏರುತ್ತಿದ್ದರೆ ತಪ್ಪು ತಟ್ಟೆಯದ್ದಲ್ಲ, ಸಂಪರ್ಕದ್ದು. ಅಂಕಿಗಳು ಹದಿನಾರರ ಲೆಕ್ಕದಲ್ಲಿ ಕಾಣುತ್ತವೆ, ಸೆಟ್ಟಿಂಗ್‌ನಲ್ಲಿ "ರಾ ವ್ಯಾಲ್ಯೂಸ್" ಅನ್ನು ಹತ್ತರ ಲೆಕ್ಕಕ್ಕೆ ಬದಲಿಸಿ. ಎಲ್ಲ ಸರಿಯೆಂದು ತೋರಿಸುತ್ತಿದ್ದೂ ಬೋರ್ಡ್ ಸುಟ್ಟು ಸತ್ತ ಡಿಸ್ಕ್‌ಗಳು ಬೇಕಾದಷ್ಟಿವೆ.

ಮೊದಲು 120 ಎಂಬಿಯಲ್ಲಿ ಓಡ್ತಿತ್ತು, ಅರ್ಧ ಗಂಟೆ ಆದ್ಮೇಲೆ 15ಕ್ಕೆ ಬಿತ್ತು. ಕೆಟ್ಟಿದೆಯಾ?

ಪ್ರಾಯಶಃ ಅದು ಎಸ್‌ಎಂಆರ್ ಡಿಸ್ಕ್. ಹೆಚ್ಚು ಸಾಮರ್ಥ್ಯದ 2.5 ಇಂಚಿನವು ಬಹುತೇಕ ಇವೇ. ಇವುಗಳಲ್ಲಿ ಡೇಟಾದ ಪಟ್ಟಿಗಳು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಚಾಚಿರುತ್ತವೆ, ನಡುವಿನದನ್ನು ಬದಲಿಸಬೇಕಾದರೆ ಆ ಕಟ್ಟನ್ನೇ ಮತ್ತೆ ಬರೆಯಬೇಕು. ತಾತ್ಕಾಲಿಕ ಜಾಗ (ಕ್ಯಾಶೆ) ತುಂಬುವವರೆಗೆ ವೇಗ ಚೆನ್ನಾಗಿರುತ್ತದೆ, ಆಮೇಲೆ ಕುಸಿಯುತ್ತದೆ. ಬ್ಯಾಕಪ್‌ಗೆ ತೊಂದರೆಯಿಲ್ಲ, 100–150 ಜಿಬಿ ಕಂತುಗಳಲ್ಲಿ ಕಳಿಸಿ, ನಡುವೆ ಸಿಕ್ಕಿಸಿಟ್ಟು ಸುಮ್ಮನೆ ಬಿಡಿ. ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೇಡ್‌ಗೆ ಬಳಸಬೇಡಿ. ಅಗ್ಗದ ಎಸ್‌ಎಸ್‌ಡಿಗಳಲ್ಲೂ ಕ್ಯಾಶೆ ತುಂಬಿದ ಮೇಲೆ ಇದೇ ಲಕ್ಷಣ.

ಎಸ್‌ಎಂಆರ್‌ನಿಂದ ಇನ್ನೊಂದು ಪರಿಣಾಮವಿದೆ. ಇವುಗಳಲ್ಲಿ ಹಲವು ಎಸ್‌ಎಸ್‌ಡಿಗಳ ಹಾಗೆ "ಈ ಜಾಗ ಇನ್ನು ಬೇಡ" ಎನ್ನುವ ಟ್ರಿಮ್ ಆದೇಶ ಪಾಲಿಸುತ್ತವೆ, ಅಳಿಸಿದ ಫೈಲ್ ರಿಕವರಿ ತಂತ್ರಾಂಶಕ್ಕೆ ಬರೀ ಸೊನ್ನೆಯಾಗಿ ಕಾಣಬಹುದು. ತಪ್ಪಿ ಅಳಿಸಿದರೆ ತಕ್ಷಣ ಕೇಬಲ್ ತೆಗೆಯುವುದೊಂದೇ ನಿಮ್ಮ ಕೈಲಿರುವುದು.

ಲ್ಯಾಪ್‌ಟಾಪ್‌ಗೆ ಹೊಸ ಎಸ್‌ಎಸ್‌ಡಿ ಹಾಕಿಸಿದೆ, ಹಳೆ ಡಿಸ್ಕ್ ಉಳಿದಿದೆ. ಬಳಸಬಹುದಾ?

ಬಳಸಬಹುದು. 2.5 ಇಂಚಿನ ಸಾಟಾ ಡಿಸ್ಕ್ ಆದರೆ ಯುಎಸ್‌ಬಿ 3.0 ಕೇಸಿಂಗ್ ತನ್ನಿ, ದಪ್ಪ 7 ಮಿ.ಮೀ. ಅಥವಾ 9.5 ಮಿ.ಮೀ. ಎಂದು ಅಳೆದುಕೊಂಡು ಹೋಗಿ. ಎಂ.2 ಕಡ್ಡಿ (ತೆಳು ಪಟ್ಟಿಯಂಥ ಎಸ್‌ಎಸ್‌ಡಿ) ಆದರೆ ಅದು ಸಾಟಾವೋ, ಅದಕ್ಕಿಂತ ವೇಗದ ಎನ್‌ವಿಎಂಇಯೋ ಎಂದು ಲೇಬಲ್‌ನಲ್ಲಿ ಓದಿ. ಒಂದಕ್ಕಾಗಿ ಮಾಡಿದ ಕೇಸಿಂಗ್ ಇನ್ನೊಂದಕ್ಕೆ ಆಗದು. ಎರಡನ್ನೂ ಒಪ್ಪುವವು ಸ್ವಲ್ಪ ದುಬಾರಿ.

ಹಳೇ ಡಿಸ್ಕ್ ಮಾರೋಕೆ ಮುಂಚೆ ಏನು ಮಾಡ್ಬೇಕು?

ಕ್ವಿಕ್ ಫಾರ್ಮ್ಯಾಟ್ ಸಾಲದು, ಅದು ಪಟ್ಟಿಯನ್ನು ಮಾತ್ರ ಅಳಿಸುತ್ತದೆ. ಹಾರ್ಡ್ ಡಿಸ್ಕ್‌ಗೆ ಒಂದು ಪೂರ್ತಿ ಫಾರ್ಮ್ಯಾಟ್. ಎಸ್‌ಎಸ್‌ಡಿಗೆ ಕಂಪನಿಯ ತಂತ್ರಾಂಶದಲ್ಲಿರುವ ಸೆಕ್ಯೂರ್ ಇರೇಸ್. ತಿರುಗದೇ ಸತ್ತ ಡಿಸ್ಕನ್ನು ಅಳಿಸಲಾಗದು. ಟಾರ್ಕ್ಸ್ ಸ್ಕ್ರೂಡ್ರೈವರ್‌ನಲ್ಲಿ ಮುಚ್ಚಳ ತೆಗೆದು ತಟ್ಟೆಗಳನ್ನು ಗೀಚಿ, ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. ಬಹಳಷ್ಟು 2.5 ಇಂಚಿನವುಗಳಲ್ಲಿ ತಟ್ಟೆ ಗಾಜಿನದು, ಸುತ್ತಿಗೆ ಏಟಿಗೆ ಚೂರುಚೂರಾಗಿ ಹಾರುತ್ತದೆ. ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಒಡೆಯಿರಿ.